ಜಯಪುರದ ಬಿಸಿಲು

ಹಿಂದಿನವರು ಪಂಚಾಂಗವನ್ನು ನೋಡಿ ಪ್ರಯಾಣ ಹೊರಡುತ್ತಿದ್ದರು. ಇಂದಿನವರು ಇನ್ನೊಬ್ಬರು ತೆಗೆದ ಚಿತ್ರಗಳನ್ನು ನೋಡಿ ಹೊರಡುತ್ತಾರೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ದೂರುವ ಅಧಿಕಾರ ನನಗೆ ಉಳಿದಿಲ್ಲವೆಂಬುದು ಮುಂದೆ ಓದಿದಂತೆ ವಾಚಕರಿಗೇ ತಿಳಿದುಬರುವುದು.

ನನ್ನ ಮಗನು ಉದ್ಯೋಗನಿಮಿತ್ತವಾಗಿ ಜಯಪುರದಲ್ಲಿ ನೆಲಸಿ ಎರಡು ವರ್ಷಗಳಾದುವು. ಕಳೆದ ಸಂಕ್ರಾಂತಿಗೆ ಅಲ್ಲಿಗೆ ಹೋಗಿ ರಥಸಪ್ತಮಿಯನ್ನು ಮುಗಿಸಿಕೊಂಡು ಬರುವೆನೆಂದು ಅಕ್ಕನಿಗೆ ಹೇಳಿ ಹೊರಟೆನು. ಹೋಗಿ ಇಳಿದ ಮರುದಿನವೇ ಮೊಮ್ಮಗಳು ಒಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದಳು. ಹತ್ತೊಂಬತ್ತು ವರ್ಷದ ಹುಡುಗಿ. ಕೊರಳಿನಲ್ಲಿ ಸದಾ ಒಂದು ಕ್ಯಾಮರಾ. ಪಟ್ಟಿಯಲ್ಲಿದ್ದುವು ನೋಡಬೇಕಾದ ಸ್ಥಳಗಳಲ್ಲ, ಚಿತ್ರ ಚೆನ್ನಾಗಿ ಬರುವ ಸ್ಥಳಗಳು. ಎರಡಕ್ಕೂ ಭೇದವೇನೆಂದು ಕೇಳಿದೆನು. "ಕೆಲವು ಜಾಗ ನೋಡುವುದಕ್ಕೆ ಚೆನ್ನ, ಫೋಟೋದಲ್ಲಿ ಏನೂ ಇರುವುದಿಲ್ಲ ತಾತ. ಕೆಲವು ಜಾಗ ನೋಡಿದರೆ ಏನೂ ಇಲ್ಲ, ಫೋಟೋದಲ್ಲಿ ಬೇರೆಯೇ ಲೋಕ" ಎಂದಳು. ಲೋಕದಲ್ಲಿ ಸಾಮಾನ್ಯವಾದುದು ಕಾವ್ಯದಲ್ಲಿ ರಮ್ಯವಾಗುತ್ತದೆಂದು ಮೂವತ್ತೈದು ವರ್ಷ ಹುಡುಗರಿಗೆ ಪಾಠ ಹೇಳಿದವನಿಗೆ ಈ ಮಾತು ಹೊಸದಾಗಿ ತೋರಬಾರದಾಗಿದ್ದಿತು. ಆದರೂ ಅಂದು ನನಗೆ ಸಿಟ್ಟೇ ಬಂದಿತು. ಸಾವಿರಾರು ಮೈಲಿ ಬಂದು ಕಣ್ಣಿನಿಂದ ನೋಡದೆ ಒಂದು ಗಾಜಿನ ಬಿಲ್ಲೆಯಿಂದ ನೋಡುವುದೆಂದರೇನು? ಹೀಗೆಂದುಕೊಂಡೆನೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಪರಸ್ಥಳದಲ್ಲಿ ಕರೆದುಕೊಂಡು ಹೋಗುವವರೊಡನೆ ವಾದ ಬೆಳೆಸಬಾರದು.

ಮೊದಲನೆಯ ದಿನವೇ ಬೆಳಗಿನ ಆರೂವರೆಗೆ ಎಬ್ಬಿಸಿದಳು. ಆ ಊರಿನ ಪುಷ್ಯಮಾಸದ ಚಳಿಯಲ್ಲಿ ಏಳುವುದೇ ಒಂದು ತಪಸ್ಸು. ಸ್ನಾನವನ್ನು ಮುಂದಕ್ಕೆ ಹಾಕಿ, ಮಗನ ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಹೊರಟೆನು. ಹವಾಮಹಲಿನ ಎದುರುಸಾಲಿನ ಕಟ್ಟಡಗಳ ಮಾಳಿಗೆಗಳ ಮೇಲೆ ಚಹಾದಂಗಡಿಗಳಿವೆ. ಅಲ್ಲಿ ಚಹಾ ಕೊಂಡವರಿಗೆ ಕಟಕಟೆಯ ಪಕ್ಕದಲ್ಲಿ ಕುರ್ಚಿ ದೊರೆಯುತ್ತದೆ. ಎರಡು ಬಟ್ಟಲು ಚಹಾಕ್ಕೆ ಕೊಟ್ಟ ಹಣದಲ್ಲಿ ನಮ್ಮೂರಿನಲ್ಲಿ ಒಂದು ವಾರ ಕಾಫಿ ಕುಡಿಯಬಹುದಾಗಿದ್ದಿತು. ಅದು ಚಹಾದ ಬೆಲೆಯಲ್ಲ, ಕಟಕಟೆಯ ಬಾಡಿಗೆ ಎಂದು ಸಮಾಧಾನ ಮಾಡಿಕೊಂಡೆನು.

ಹವಾಮಹಲನ್ನು ಸವಾಯಿ ಪ್ರತಾಪಸಿಂಹನು ೧೭೯೯ರಲ್ಲಿ ಕಟ್ಟಿಸಿದನು. ಪಟಗಳಲ್ಲಿ ಎಲ್ಲರೂ ಕಂಡಿರುವ ಆ ಐದು ಅಂತಸ್ತಿನ ಮುಖವು ವಾಸ್ತವವಾಗಿ ಅದರ ಬೆನ್ನು. ಒಳಗೆ ಹೋಗುವ ದಾರಿ ಇನ್ನೊಂದು ಕಡೆಯಿಂದ. ಮೇಲಿನ ಮೂರು ಅಂತಸ್ತುಗಳ ದಪ್ಪ ಒಂದೊಂದು ಕೋಣೆಯಷ್ಟು ಮಾತ್ರ. ಅದರ ೯೫೩ ಕಿಟಕಿಗಳ ಜಾಲರಿಯ ಹಿಂದೆ ನಿಂತು ಅಂತಃಪುರದ ಸ್ತ್ರೀಯರು ಬೀದಿಯ ಮೆರವಣಿಗೆಗಳನ್ನು ನೋಡುತ್ತಿದ್ದರು. ಬೀದಿಯವರಿಗೆ ಅವರು ಕಾಣುತ್ತಿರಲಿಲ್ಲ. ಬೆನ್ನು ಪೂರ್ವಕ್ಕಿರುವುದರಿಂದ ಬಿಸಿಲು ಬೆಳಗಿನಲ್ಲಿ ಮಾತ್ರ ಅದರ ಮೇಲೆ ನೇರವಾಗಿ ಬೀಳುತ್ತದೆ. ಏಳೂಕಾಲರ ಸುಮಾರಿಗೆ ಸೂರ್ಯೋದಯವಾದರೂ ನಾವು ಕುಳಿತಿದ್ದ ಸಾಲಿನ ನೆರಳು ಗೋಡೆಯನ್ನು ಮುಚ್ಚಿದ್ದಿತು. ಮೊದಲು ಶಿಖರದ ಕಲಶಗಳು ಹೊಳೆದುವು. ಅನಂತರ ಬಿಸಿಲು ಏಣಿಯಿಳಿಯುವ ಮುದುಕನಂತೆ ಒಂದೊಂದೇ ಅಂತಸ್ತಾಗಿ ಇಳಿಯತೊಡಗಿತು. ನಮ್ಮ ಹುಡುಗಿ ಕ್ಯಾಮರಾವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಬಿಸಿಲು ಮೂರನೆಯ ಅಂತಸ್ತಿಗೆ ಬಂದಾಗ ಎದ್ದು ಹತ್ತು ಹನ್ನೆರಡು ಚಿತ್ರಗಳನ್ನು ತೆಗೆದಳು. ಗೋಡೆ ಪೂರ್ತಿ ಬೆಳಗಿದ ಮೇಲೆ, "ಮುಗಿಯಿತು ತಾತ, ಇನ್ನು ಉಬ್ಬುತಗ್ಗು ಕಾಣುವುದಿಲ್ಲ" ಎಂದು ಚೀಲ ಕಟ್ಟಿದಳು. ಆಗ ನಾನು ಗಡಿಯಾರ ನೋಡಿಕೊಂಡೆನು. ಒಂದು ಗಂಟೆಗೆ ಮೇಲ್ಪಟ್ಟು ಒಂದು ಗೋಡೆಯನ್ನು ನೋಡುತ್ತ ಕುಳಿತಿದ್ದೆ. ನಮ್ಮ ಜಿಲ್ಲೆಯದೇ ಆದ ಬೇಲೂರಿನ ದೇವಸ್ಥಾನದ ಮುಂದೆ, ಎಷ್ಟು ಸಲ ಹೋಗಿದ್ದರೂ, ಒಂದೇ ಭಿತ್ತಿಯನ್ನು ಕಾಲುಗಂಟೆ ನೋಡಿದ ನೆನಪು ನನಗಿಲ್ಲ.

ಆ ಗೋಡೆಯ ಬಣ್ಣದ ವಿಷಯದಲ್ಲಿ ಒಂದು ಮಾತು. ಜಯಪುರವನ್ನು ಗುಲಾಬಿಯ ನಗರವೆನ್ನುತ್ತಾರೆ. ನನ್ನ ಕಣ್ಣಿಗೆ ಅದು ಗುಲಾಬಿಯಲ್ಲ, ಕಾವಿ. ಅಲ್ಲಿಯವರು ಆ ಮಣ್ಣನ್ನು ಗೇರೂ ಎನ್ನುತ್ತಾರೆ. ಅದು ನಮ್ಮ ಗೈರಿಕಶಬ್ದವೇ ಸವೆದು ಉಳಿದ ರೂಪ. ೧೮೭೬ರಲ್ಲಿ ಇಂಗ್ಲೆಂಡಿನ ಯುವರಾಜನು ಬರುವನೆಂದು ಊರಿಗೆಲ್ಲ ಈ ಬಣ್ಣ ಬಳಿಸಿದರು. ಬೆಳಿಗ್ಗೆ ಅದಕ್ಕೆ ಅರಿಸಿನ ಕಲಸಿದಂತಿರುತ್ತದೆ. ಮಧ್ಯಾಹ್ನ ಬೆಂದ ಇಟ್ಟಿಗೆ. ಸಂಜೆಗೆ ಸಂನ್ಯಾಸಿಯ ಶಾಟಿ. ಯಾವುದು ನಿಜವಾದ ಬಣ್ಣವೆಂದು ಕೇಳಿದರೆ, "ಎಷ್ಟು ಗಂಟೆಗೆ?" ಎಂದು ಹುಡುಗಿ ನಕ್ಕಳು.

ಪಟ್ಟಿಯ ಮಿಕ್ಕ ಸ್ಥಳಗಳನ್ನು ವಿಸ್ತರಿಸುವುದಿಲ್ಲ. ಆಂಬೇರಿನ ಪನ್ನಾ ಮೀನಾ ಕುಂಡದಲ್ಲಿ ಮೆಟ್ಟಿಲುಗಳು ಹೆಣೆದ ಚಾಪೆಯಂತೆ ನಾಲ್ಕು ಕಡೆಯಿಂದಲೂ ಇಳಿದು ಕತ್ತರಿಸಿಕೊಂಡಿವೆ. ಕೆಳಗಿಳಿಯಲು ಕಾವಲುಗಾರನು ಬಿಡಲಿಲ್ಲ, ನನ್ನ ಮೊಣಕಾಲುಗಳು ಅವನಿಗೆ ಮನಸ್ಸಿನಲ್ಲಿಯೇ ವಂದಿಸಿದುವು. ವಿಮಾನನಿಲ್ದಾಣದ ದಿಕ್ಕಿನಲ್ಲಿ ಪತ್ರಿಕಾ ಗೇಟ್ ಎಂಬ ಹೊಸ ದ್ವಾರವೊಂದಿದೆ. ಒಳಗೆಲ್ಲ ಚಿತ್ತಾರ, ಕಮಾನಿನ ಹಿಂದೆ ಕಮಾನು. ಮದುವೆಗೆ ಮುಂಚೆಯೇ ಚಿತ್ರ ತೆಗೆಸಿಕೊಳ್ಳುವ ವಧೂವರರು ಅಲ್ಲಿ ಸಾಲುಗಟ್ಟಿ ನಿಂತಿದ್ದರು. ಚಿತ್ರಕ್ಕಾಗಿಯೇ ಹುಟ್ಟಿದಂತಿರುವ ಆ ಸ್ಥಳದಲ್ಲಿ ಹುಡುಗಿಗೂ ಬೇಗ ಬೇಸರವಾಯಿತು. ನಹರಗಢದ ಕೋಟೆಯಿಂದ ಸೂರ್ಯಾಸ್ತವನ್ನು ನೋಡುವುದು ಪ್ರಸಿದ್ಧವಷ್ಟೆ. ಮೂವತ್ತು ಲಕ್ಷಕ್ಕೆ ಮೇಲ್ಪಟ್ಟ ಜನರ ಊರು ಕಾಲಕೆಳಗೆ ಹರಡಿಕೊಂಡಿದ್ದಿತು, ಅದರ ಅರ್ಧದಷ್ಟು ಜನ ನಮ್ಮ ಪಕ್ಕದಲ್ಲಿಯೇ ನಿಂತಿರುವಂತೆ ತೋರಿತು.

ನಗರದ ಅರಮನೆಗೆ ಹೋದುದು ಮಾತ್ರ ಬೇರೆ ಬಗೆಯದಾಯಿತು. ಊರಿಗೆ ಕಾವಿ ಬಳಿಸಿದ ಸವಾಯಿ ರಾಮಸಿಂಹನು ೧೮೩೫ರಿಂದ ೧೮೮೦ರವರೆಗೆ ಪಟ್ಟದಲ್ಲಿದ್ದವನು, ಸ್ವತಃ ಛಾಯಾಚಿತ್ರಕಾರನಾಗಿದ್ದನು. ಆ ಕಾಲದ ಕ್ರಮ ಈಗಿನಂತೆ ಸುಲಭವಲ್ಲ. ಗಾಜಿನ ಫಲಕಕ್ಕೆ ಕಲೋಡಿಯನ್ ಎಂಬ ಅಂಟನ್ನು ಬಳಿದು, ಬೆಳ್ಳಿಯ ಲವಣದ ದ್ರವದಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಬೆಳಕಿಗೆ ಒಡ್ಡಿ, ಒಣಗುವುದರೊಳಗಾಗಿ ಕತ್ತಲೆಕೋಣೆಗೆ ಒಯ್ದು ತೊಳೆಯಬೇಕು. ಎದುರಿಗೆ ಕುಳಿತವರು ಅಷ್ಟು ಹೊತ್ತು ಅಲುಗಬಾರದು. ಒಣಗಾಳಿಯ ಆ ಮರುಭೂಮಿಯ ಅಂಚಿನಲ್ಲಿ ಒಬ್ಬ ಮಹಾರಾಜನು ಕೈಗೆ ಮಸಿ ಹತ್ತಿಸಿಕೊಂಡು ಈ ಕೆಲಸವನ್ನು ಮಾಡಿದನೆಂಬುದು ನನಗೆ ಬಹಳ ಹಿಡಿಸಿತು. ತನ್ನನ್ನು ಶಿವಭಕ್ತನ ವೇಷದಲ್ಲಿ ಚಿತ್ರಿಸಿಕೊಂಡಿದ್ದಾನೆ. ಅದಕ್ಕಿಂತ ಮಿಗಿಲಾಗಿ, ಪರದೆಯೊಳಗಿದ್ದ ಅಂತಃಪುರದ ಸ್ತ್ರೀಯರನ್ನು ಕುರ್ಚಿಯಲ್ಲಿ ಕೂರಿಸಿ ಚಿತ್ರ ತೆಗೆದಿದ್ದಾನೆ. ಅವನ ಗಾಜಿನ ಫಲಕಗಳನ್ನು ಅರಮನೆಯ ವಸ್ತುಸಂಗ್ರಹಾಲಯದವರು ಕಾಪಾಡಿಕೊಂಡು ಬಂದಿದ್ದಾರೆ. ಹವಾಮಹಲಿನ ಜಾಲರಿಯ ಹಿಂದೆ ಮುಖ ಕಾಣದಂತೆ ನಿಂತವರ ಮೊಮ್ಮಕ್ಕಳ ಕಾಲದವರು ಈ ಚಿತ್ರಗಳಲ್ಲಿ ನೋಡುವವರನ್ನೇ ದೃಷ್ಟಿಸುತ್ತಾರೆ.

ಅಂತಹ ಒಂದು ಚಿತ್ರದ ಪ್ರತಿಯ ಮುಂದೆ ನಿಂತು ಹುಡುಗಿ ಕೇಳಿದಳು: "ಅಜ್ಜಿ ಚಿಕ್ಕವರಾಗಿದ್ದಾಗಿನ ಫೋಟೋ ಒಂದಾದರೂ ಇಲ್ಲವೇ ತಾತ?"

ಇಲ್ಲ. ಯಾಕಿಲ್ಲವೆಂಬುದನ್ನು ಅಂದು ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಪಟ ತೆಗೆಸಿಕೊಂಡರೆ ಆಯುಸ್ಸು ಕ್ಷೀಣವಾಗುತ್ತದೆಂದು ನಮ್ಮ ತೀರ್ಥರೂಪರು ನಂಬಿದ್ದರು. ಆದುದರಿಂದ ೧೯೭೮ರಲ್ಲಿ ನಮ್ಮ ಮದುವೆಯಲ್ಲಿ ಛಾಯಾಚಿತ್ರಗಾರನಿಗೆ ಪ್ರವೇಶವಿರಲಿಲ್ಲ. ನಾನು ಆ ನಂಬಿಕೆಯವನಲ್ಲ; ಆದರೆ ನಂಬದವನ ಸೋಮಾರಿತನ ನಂಬಿದವನ ಹಟಕ್ಕಿಂತ ಕೆಟ್ಟುದು. ೧೯೮೨ರಲ್ಲಿ ಜಾತ್ರೆಗೆಂದು ಬಂದಿದ್ದ ಒಬ್ಬ ಫೋಟೋದವನು ಮನೆಮನೆಗೂ ಬಂದನು. ತಂದೆಯವರು ಊರಿನಲ್ಲಿರಲಿಲ್ಲ. ನಮ್ಮ ಮನೆಯಾಕೆ ಮದುವೆಯ ರೇಷ್ಮೆಯ ಸೀರೆಯನ್ನುಟ್ಟು, ಮಗುವಿಗೆ ಕಣ್ಣುಕಪ್ಪು ಹಚ್ಚಿ, ಅದನ್ನು ಎತ್ತಿಕೊಂಡು ಜಗಲಿಗೆ ಬಂದು ನಿಂತಳು. ನಾನು ಪಾಠಶಾಲೆಗೆ ಹೊರಟವನು. ಫೋಟೋದವನು ಬೆಳಕು ಸಾಲದೆಂದು ಅವಳನ್ನು ಅತ್ತಿತ್ತ ನಿಲ್ಲಿಸುತ್ತ ಹೊತ್ತು ಮಾಡುತ್ತಿದ್ದನು. "ಈಗ ಬೇಡ, ನನಗೆ ಹೊತ್ತಾಯಿತು, ಇನ್ನೊಂದು ಸಲ ಆಗಲಿ" ಎಂದು ಅವನನ್ನು ಕಳುಹಿಸಿಬಿಟ್ಟೆನು. ಆಕೆ ಏನೂ ಹೇಳದೆ ಒಳಗೆ ಹೋದಳು. ಇಪ್ಪತ್ತಾರು ವರ್ಷ ಆಮೇಲೂ ಬದುಕಿದ್ದಳು, ಮತ್ತೆ ಆ ಮಾತನ್ನು ಎತ್ತಲಿಲ್ಲ.

೨೦೦೮ರಲ್ಲಿ ಆಕೆ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟ ಬೇಕಾಯಿತು. ಮಗನ ಮದುವೆಯ ಗುಂಪಿನ ಚಿತ್ರವೊಂದರಿಂದ ಅವಳ ಮುಖವನ್ನು ಮಾತ್ರ ತೆಗೆದು ದೊಡ್ಡದು ಮಾಡಿಸಿದೆವು. ಕಣ್ಣು ಅರೆಮುಚ್ಚಿದೆ, ಎಡಗಡೆ ಯಾರೋ ಬೀಗರ ಹೆಗಲು ಉಳಿದಿದೆ. ಮೊನ್ನೆ ಮೊನ್ನೆ ಹುಡುಗಿ ಅದನ್ನು ಗಣಕಯಂತ್ರಕ್ಕೆ ಹಾಕಿ ತಿದ್ದಿಸಿದಳು. ಮುಖ ಬಹಳ ಸ್ಪಷ್ಟವಾಗಿ ಬಂದಿತು. ಆದರೆ ಅದು ನಮ್ಮ ಮನೆಯಾಕೆಯದಾಗಿರಲಿಲ್ಲ; ಯಾರೋ ಲಕ್ಷಣವಂತೆ.

ಅರಮನೆಯ ಪಕ್ಕದಲ್ಲಿಯೇ ಜಂತರ್ ಮಂತರ್. ಪಟ್ಟಿಯಲ್ಲಿ ಅದು ಕೊನೆಯದು. ರಥಸಪ್ತಮಿಯ ದಿನವೇ ಹೋಗೋಣವೆಂದು ನಾನು ಹಟ ಹಿಡಿದೆನು. ೧೭೨೭ರಲ್ಲಿ ಈ ನಗರಕ್ಕೆ ತಳಹದಿ ಹಾಕಿದ ಸವಾಯಿ ಜಯಸಿಂಹನು ಕಲ್ಲುಗಾರೆಗಳಿಂದ ಕಟ್ಟಿಸಿದ ಯಂತ್ರಗಳ ಅಂಗಳವದು. ೨೦೧೦ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನನಗೆ ಅದು ತೀರ್ಥಕ್ಷೇತ್ರದಂತೆ. ಜಯಸಿಂಹನ ಆಸ್ಥಾನದಲ್ಲಿದ್ದ ಜಗನ್ನಾಥ ಸಮ್ರಾಟನು (ರಸಗಂಗಾಧರದ ಪಂಡಿತರಾಜನಲ್ಲ, ಬೇರೊಬ್ಬನು) ವೈದಿಕನಾಗಿದ್ದೂ ಅರಬ್ಬೀ ಭಾಷೆಯನ್ನು ಕಲಿತು, ಯೂಕ್ಲಿಡನ ರೇಖಾಗಣಿತವನ್ನೂ ಟಾಲೆಮಿಯ ಜ್ಯೋತಿಷಗ್ರಂಥವನ್ನೂ ಆ ಭಾಷೆಯ ಮೂಲಕ ಸಂಸ್ಕೃತಕ್ಕೆ ತಂದವನು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಆತನ ಹೆಸರನ್ನೆತ್ತುವಾಗ ಉತ್ತರೀಯವನ್ನು ಸರಿಮಾಡಿಕೊಳ್ಳುತ್ತಿದ್ದರು.

ನಾವು ಒಳಗೆ ಹೋದುದು ಹನ್ನೊಂದಕ್ಕೆ. ಬಿಸಿಲು ಏರಿದ ಮೇಲೆ ಚಿತ್ರ ಚೆನ್ನಾಗಿ ಬಾರದೆಂದು ಹುಡುಗಿ ಗೊಣಗಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರ ತೆಗೆಯಬಾರದೆಂಬುದು ಅವಳು ಕಲಿತ ಸೂತ್ರ. ನಮ್ಮ ಹಾಸನದ ಕಡೆಗೆ ಆ ಸೂತ್ರ ಸರಿ. ಅಲ್ಲಿ ಏಪ್ರಿಲಿನ ಕೊನೆಯಲ್ಲೊಮ್ಮೆ, ಆಗಸ್ಟಿನ ನಡುವೆ ಇನ್ನೊಮ್ಮೆ ಸೂರ್ಯನು ನೆತ್ತಿಯ ಮೇಲೆಯೇ ಬಂದು, ನೆಟ್ಟ ಕೋಲಿಗೂ ನೆರಳಿಲ್ಲದಂತಾಗುತ್ತದೆ. ಜಯಪುರವು ಕರ್ಕಾಟಕ ಸಂಕ್ರಾಂತಿವೃತ್ತದ ಉತ್ತರಕ್ಕಿದೆ. ಸೂರ್ಯನು ಅಲ್ಲಿ ಎಂದೂ ನೆತ್ತಿಗೆ ಬರುವುದಿಲ್ಲ. ರಥಸಪ್ತಮಿಯ ಹೊತ್ತಿಗೆ ನಡುಹಗಲಿನಲ್ಲಿಯೂ ಅವನ ಎತ್ತರ ಸುಮಾರು ೪೫ ಅಂಶ. ಎಂದರೆ ಮನುಷ್ಯನ ನೆರಳು ಹೆಚ್ಚು ಕಡಮೆ ಅವನಷ್ಟೇ ಉದ್ದ. "ನಿನಗೆ ಬೇಕಾದುದು ನೆರಳಲ್ಲವೇ? ಇಲ್ಲಿ ದಿನವೆಲ್ಲ ನೆರಳಿದೆ" ಎಂದೆನು. ಅವಳು ತನ್ನ ನೆರಳನ್ನು ನೋಡಿಕೊಂಡಳು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳು ನನ್ನ ಮಾತಿಗೆ ಕಾದುನಿಂತುದು ಆಗ.

ಸಮ್ರಾಟಯಂತ್ರವು ೨೭ ಮೀಟರು ಎತ್ತರದ ಒಂದು ಇಳಿಜಾರು ಗೋಡೆ. ಅದೇ ಶಂಕು. ಅದರ ಓರೆ ಊರಿನ ಅಕ್ಷಾಂಶದಷ್ಟೇ, ಸುಮಾರು ೨೭ ಅಂಶ. ತುದಿ ಧ್ರುವನ ಕಡೆಗೆ. ಗೋಡೆಯ ಎರಡು ಪಕ್ಕಗಳಲ್ಲಿ ರೆಕ್ಕೆಗಳಂತೆ ಎರಡು ವೃತ್ತಪಾದಗಳು, ಅವುಗಳ ಅಂಚಿಗೆ ಅಮೃತಶಿಲೆಯ ಮೇಲೆ ಗೆರೆಗಳು. ಬೆಳಿಗ್ಗೆ ಗೋಡೆಯ ನೆರಳು ಪಶ್ಚಿಮದ ರೆಕ್ಕೆಯ ಮೇಲೆ ಬಿದ್ದು ಕೆಳಗಿಳಿಯುತ್ತ ಬರುತ್ತದೆ. ಮಧ್ಯಾಹ್ನದ ಅನಂತರ ಪೂರ್ವದ ರೆಕ್ಕೆಯನ್ನು ಹತ್ತತೊಡಗುತ್ತದೆ. ನೆರಳಿನ ಅಂಚಿನ ಪಕ್ಕದಲ್ಲಿ ಬೆರಳಿಟ್ಟು ನಿಂತರೆ ಅದು ನಡೆಯುವುದು ಕಣ್ಣಿಗೆ ಕಾಣುತ್ತದೆ: ನಿಮಿಷಕ್ಕೆ ಸುಮಾರು ಆರು ಸೆಂಟಿಮೀಟರು, ಮೂರು ಬೆರಳಿನ ಅಗಲಕ್ಕೆ ಮೇಲೆ. ಕಾಲವು ಸರಿಯುತ್ತದೆಂದು ಆಡುವ ಮಾತನ್ನು ನಾನು ಅಕ್ಷರಶಃ ನೋಡಿದುದು ಅಲ್ಲಿಯೇ.

ಹುಡುಗಿಗೆ ತ್ರಿಪ್ರಶ್ನಾಧಿಕಾರದ ಕಥೆಯನ್ನು ಹೇಳಿದೆನು. ಸೂರ್ಯಸಿದ್ಧಾಂತದಲ್ಲಿ ಆ ಹೆಸರಿನ ಒಂದು ಅಧ್ಯಾಯವಿದೆ. ಹನ್ನೆರಡು ಅಂಗುಲದ ಶಂಕುವನ್ನು ಸಮನೆಲದಲ್ಲಿ ನೆಟ್ಟು, ಅದರ ನೆರಳಿನಿಂದ ದಿಕ್ಕು ಯಾವುದು, ದೇಶ ಯಾವುದು, ಕಾಲ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವ ಕ್ರಮವದು. ಪಾಠಶಾಲೆಯ ಅಂಗಳದಲ್ಲಿ ಗುರುಗಳು ನಮ್ಮಿಂದ ಶಂಕು ನೆಡಿಸಿ ಪೂರ್ವಪಶ್ಚಿಮಗಳನ್ನು ಗೆರೆಯೆಳೆಸಿದ್ದರು. "ನಿನ್ನ ಪಟ್ಟಿಯಲ್ಲಿರುವುದು ದೇಶ ಒಂದೇ. ಮಿಕ್ಕ ಎರಡನ್ನು ಯಾರೂ ಬರೆದುಕೊಡುವುದಿಲ್ಲ" ಎಂದೆನು. "ಅದಕ್ಕೇ ಅಲ್ಲವೇ ತಾತ, ದಿನಾ ಆರೂವರೆಗೆ ಎಬ್ಬಿಸಿದುದು?" ಎಂದಳು. ಈ ಉತ್ತರಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ನಾನು ಗುರುಮುಖದಿಂದ ಕಲಿತು ಪರೀಕ್ಷೆಯಲ್ಲಿ ಬರೆದು ಮರೆತದ್ದನ್ನು ಅವಳು ಚಳಿಯಲ್ಲಿ ಕುಳಿತು ಅಭ್ಯಾಸ ಮಾಡಿಕೊಂಡಿದ್ದಳು.

ಮಧ್ಯಾಹ್ನಕ್ಕೆ ಕಾಯೋಣವೆಂದು ಹೇಳಿದೆನು. ಆ ಕ್ಷಣದಲ್ಲಿ ಸೂರ್ಯನು ಗೋಡೆಯ ನೇರಕ್ಕೆ ಬಂದು ಎರಡು ರೆಕ್ಕೆಗಳೂ ಒಟ್ಟಿಗೆ ಬೆಳಗುತ್ತವೆ, ಯಾವುದರ ಮೇಲೆಯೂ ನೆರಳಿರುವುದಿಲ್ಲ. ಹುಡುಗಿ ಹನ್ನೆರಡಕ್ಕೆ ಸಿದ್ಧಳಾದಳು. "ಈಗಲ್ಲ, ಹನ್ನೆರಡು ನಲವತ್ತಕ್ಕೆ" ಎಂದೆನು. ನಮ್ಮ ಕೈಗಡಿಯಾರ ತೋರಿಸುವುದು ೮೨½ ಅಂಶ ಪೂರ್ವರೇಖೆಯ ಕಾಲ. ಜಯಪುರ ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಇಪ್ಪತ್ತೇಳು ನಿಮಿಷ ಹಿಂದೆ; ಮಾಘಮಾಸದಲ್ಲಿ ಸೂರ್ಯನ ಗತಿಯ ಏರುಪೇರಿನಿಂದ ಇನ್ನೊಂದು ಹದಿಮೂರು ನಿಮಿಷ. ಅವಳು ಅನುಮಾನದಿಂದ ಗಡಿಯಾರವನ್ನೂ ಗೋಡೆಯನ್ನೂ ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅಳುಕಿದ್ದಿತು. ಲೆಕ್ಕ ಮಾಡಿ ಎಷ್ಟೋ ವರ್ಷಗಳಾಗಿದ್ದುವು. ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಪಶ್ಚಿಮದ ನೆರಳು ಗೋಡೆಯ ಬುಡಕ್ಕೆ ಸೇರಿ ಕರಗಿತು. ಪೂರ್ವದಲ್ಲಿ ಇನ್ನೂ ಏಳಲಿಲ್ಲ. ಹುಡುಗಿ ಓಡಿಹೋಗಿ ತನಗೆ ಬೇಕಾದ ಸ್ಥಳದಲ್ಲಿ ನಿಂತಳು.

ಎರಡು ಚಿತ್ರ ತೆಗೆದು, ತಿರುಗಿ, "ತಾತ, ಆ ಕಟ್ಟೆಯ ಮೇಲೆ ಕೂತುಕೊಳ್ಳಿ. ಬೇಗ!" ಎಂದಳು. ಅದುವರೆಗೆ ಅವಳು ಕೇಳಿದಾಗಲೆಲ್ಲ ನಾನು ಯಾವುದಾದರೊಂದು ನೆಪ ಹೇಳಿದ್ದೆನು. ಹೊತ್ತಾಯಿತೆನ್ನಲು ಅಂದೂ ಬಾಯಿ ಬಂದಿತು. ಎದುರಿಗೆ ಆ ಯಂತ್ರವಿದ್ದಿತು. ಟೋಪಿಯನ್ನು ತೆಗೆದು ಕುಳಿತುಕೊಂಡೆನು.

ಊರಿಗೆ ಬಂದ ಮೇಲೆ ಒಂದು ವಾರ ನಮ್ಮ ಮನೆಯ ಬಿಸಿಲನ್ನು ನೋಡಿದೆನು. ಜಗಲಿ ಪೂರ್ವಕ್ಕಿದೆಯೆಂದು ಹುಟ್ಟಿದಂದಿನಿಂದ ಬಲ್ಲೆ; ಆದರೆ ಅದರ ಬಿಸಿಲು ಏಳುಗಂಟೆಗೆ ಹಿಂಗೋಡೆಯ ಮೇಲಿರುತ್ತದೆ, ಎಂಟಕ್ಕೆ ಗೋಡೆಯನ್ನು ಬಿಟ್ಟು ನೆಲಕ್ಕಿಳಿಯುತ್ತದೆ, ಒಂಬತ್ತಾಗುವುದರೊಳಗಾಗಿ ಕಂಬಗಳ ಕಡೆಗೆ ಹಿಂದೆ ಸರಿಯುತ್ತದೆ ಎಂಬುದನ್ನು ಈ ಅರವತ್ತೆಂಟನೆಯ ವಯಸ್ಸಿನಲ್ಲಿ ಲಕ್ಷ್ಯಕ್ಕೆ ತಂದುಕೊಂಡೆನು. ಏಳೂವರೆಗೆ ಹಿಂಗೋಡೆಯ ಬಳಿ, ಬಾಗಿಲಿನ ಎಡಗಡೆ, ಮಣೆ ಹಾಕಿ ಕುಳಿತವರ ಮುಖದ ಮೇಲೆ ತುಳಸಿಕಟ್ಟೆಯ ಪಕ್ಕದಿಂದ ಒಳ್ಳೆಯ ಬೆಳಕು ಬೀಳುತ್ತದೆ. ೧೯೮೨ರಲ್ಲಿ ಆ ಫೋಟೋದವನಿಗೆ ಈ ಸ್ಥಳ ತಿಳಿದಿರಲಿಲ್ಲ, ತೋರಿಸಬೇಕಾಗಿದ್ದವನು ನಾನು.

ನಮ್ಮ ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ. ಅವಳದೂ ಒಂದು ಒಳ್ಳೆಯ ಪಟವಿಲ್ಲ. ಮಗನು ಕೊಟ್ಟ ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ಮೊಮ್ಮಗಳು ನನಗೆ ಕಲಿಸಿ ಕಳುಹಿಸಿದ್ದಳು. ಮೊನ್ನೆ ಬೆಳಿಗ್ಗೆ ಮಣೆ ಹಾಕಿ ಅಕ್ಕನನ್ನು ಕರೆದೆನು.

"ಈ ಮುಖಕ್ಕೆ ಅದೊಂದು ಕೇಡು. ಒಲೆಯ ಮೇಲೆ ಹಾಲಿದೆ, ನಾಳೆ ನೋಡೋಣ ಹೋಗೋ" ಎಂದಳು.

"ನಾಳೆ ಬೇಡ ಅಕ್ಕಯ್ಯ, ಈಗಲೇ" ಎಂದೆನು.

ನನ್ನ ಧ್ವನಿಯಲ್ಲಿ ಏನು ಕಂಡಳೋ, ಹಾಲನ್ನು ಇಳಿಸಿ, ಇದೇ ಸೀರೆಯಲ್ಲಿ ಬೇಡವೆಂದು ಕೋಣೆಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದ ಶಬ್ದ ಕೇಳಿಸಿತು. ಯಾವ ಸೀರೆಯೆಂದು ಆರಿಸುತ್ತಿದ್ದಳೆಂದು ತೋರುತ್ತದೆ, ಬಹಳ ಹೊತ್ತಾದರೂ ಬರಲಿಲ್ಲ. ಗೋಡೆಯ ಮೇಲಿನ ಬಿಸಿಲು ಮಣೆಯ ಎತ್ತರಕ್ಕೆ ಇಳಿಯುತ್ತಲಿದ್ದಿತು. ನಾನು ಅದರ ಅಂಚಿಗೆ ಬೆರಳಿಟ್ಟುಕೊಂಡು ಕುಳಿತು, "ಬೇಗ ಬಾ ಅಕ್ಕಯ್ಯ" ಎಂದು ಇನ್ನೊಮ್ಮೆ ಕೂಗಿದೆನು.